ಬಲಗೈಯ ರೈಫಲ್

ಪುಟ್ಟೀ, ನಿನ್ನ ಮೊದಲ ರೈಫಲ್ ನಿನಗೆ ಹೊಂದುವುದಿಲ್ಲವೆಂದು ಅದನ್ನು ಕೊಂಡ ದಿನವೇ ನನಗೆ ಗೊತ್ತಿತ್ತು. ಗೊತ್ತಿದ್ದೂ ಅದನ್ನೇ ಕೊಡಿಸಿದೆ. ಸುಳ್ಳು ಹೇಳಿ ಕೊಡಿಸಿದೆ.

ನೀನು ದಿಲ್ಲಿ ರಾಜ್ಯದ ಶೂಟಿಂಗ್ ತಂಡಕ್ಕೆ ಆಯ್ಕೆಯಾದ ಸುದ್ದಿ ನಿನ್ನೆ ಬಂದಾಗಿನಿಂದ ನನ್ನ ಕಾಲು ನೆಲದ ಮೇಲಿಲ್ಲ. ಮಯೂರ್ ವಿಹಾರದ ನಮ್ಮ ಸೊಸೈಟಿಯಲ್ಲಿ ಗೇಟಿನ ಭಯ್ಯಾನಿಂದ ಹಿಡಿದು ಮೇಲಿನ ಮಹಡಿಯ ಪಂಜಾಬಿ ಅಮ್ಮನವರೆಗೆ ಎಲ್ಲರ ಬಾಯಿಗೂ ಮೈಸೂರು ಪಾಕು ತುರುಕಿ ಬಂದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಮೊಮ್ಮಗಳು — ಎದೆ ಹಿಡಿಸಲಾರದಷ್ಟು ಸಂತೋಷ, ಈಗಲೂ ಉಕ್ಕಿ ಉಕ್ಕಿ ಬರುತ್ತಿದೆ. ಆದರೆ ಆ ಸಂತೋಷದ ನಡುವೆಯೇ ನಿನ್ನ ಅಪ್ಪ ಇವತ್ತು ಒಂದು ಮಾತಾಡಿದ. ಹೊಸ ರೈಫಲಿಗೆ ನಾಳೆ ಅದೇ ಕರೋಲ್ ಬಾಗ್ ಅಂಗಡಿಗೆ ಹೋಗೋಣ, ಎಡಗೈಯವಳಿಗೆ ಬಲಗೈ ರೈಫಲ್ ಕಟ್ಟಿದ ಆ ಮುದುಕನನ್ನು ಮುಖಕ್ಕೆ ಹೊಡೆದ ಹಾಗೆ ಕೇಳುತ್ತೇನೆ ಎಂದ. ನೀನು ನಕ್ಕುಬಿಟ್ಟೆ.

"ಅವರದ್ದೇನು ತಪ್ಪು ಪಪ್ಪಾ? ಮೈ ಹೀ ಬೇವಕೂಫ್ ಥೀ. ನನ್ನ ಕಣ್ಣು ನನಗೇ ಗೊತ್ತಾಗ್ಲಿಲ್ಲ."

ದಡ್ಡಿ ನೀನಲ್ಲ, ಪುಟ್ಟೀ. ಆ ಮುದುಕನೂ ಅಲ್ಲ.

ಆಗ ನಿನಗೆ ಹದಿನಾಲ್ಕು. ಗುರಿ ಅಭ್ಯಾಸದ ರೇಂಜಿನಲ್ಲಿ ಯಾರ್ಯಾರದೋ ರೈಫಲ್ ಹಿಡಿದು ಕಲಿಯುತ್ತಿದ್ದವಳಿಗೆ ಸ್ವಂತದ್ದೊಂದು ಬೇಕಿತ್ತು. ಅಪ್ಪ ನಮ್ಮಿಬ್ಬರನ್ನು ಅಂಗಡಿಯ ಮುಂದೆ ಇಳಿಸಿ ಕಾರು ನಿಲ್ಲಿಸಲು ಜಾಗ ಹುಡುಕುತ್ತ ಹೋದ. ಬಣ್ಣ ನೋಡಬೇಡ, ಕಂಪನಿ ನೋಡಬೇಡ ಎಂದ ಅಂಗಡಿಯಾತ. ಮೊದಲ ಸಲ ಕೊಳ್ಳುವವರು ಎತ್ತಿ ಭುಜಕ್ಕಿಟ್ಟು, ಕೆನ್ನೆ ತಾನಾಗಿಯೇ ಎಲ್ಲಿ ಕೂರುತ್ತದೆಂದು ನೋಡಬೇಕು ಎಂದ. ನೀನು ಎತ್ತಿದೆ. ಎಡ ಭುಜಕ್ಕೆ. ಆ ಒಂದು ಗಳಿಗೆ ನಿನ್ನ ಮುಖ ಹೇಗಿತ್ತು ಅಂದರೆ — ಹೇಗೆ ಹೇಳಲಿ — ಮನೆ ಸೇರಿದವರ ಮುಖದ ಹಾಗೆ. ಆಮೇಲೆ ನೀನು ನನ್ನ ಕಡೆ ನೋಡಿದೆ. ನೋಡಿ, ರೈಫಲನ್ನು ಬಲಕ್ಕೆ ಬದಲಾಯಿಸಿಕೊಂಡೆ.

ಹಾಗೆ ನೋಡುವುದನ್ನು ಕಲಿಸಿದವಳೇ ನಾನು. ನೀನು ಎಡಗೈಯಲ್ಲಿ ತುತ್ತು ಎತ್ತಿದಾಗಲೆಲ್ಲ ಸೌಟಿನ ಹಿಡಿಯಿಂದ ಮಣಿಕಟ್ಟಿಗೆ ಕುಟ್ಟಿದವಳು. ಅದಕ್ಕೂ ಬಗ್ಗದಿದ್ದಾಗ ಆ ಕೈಯನ್ನು ನನ್ನ ಸೆರಗಿಗೆ ಕಟ್ಟಿಕೊಂಡು ಊಟಕ್ಕೆ ಕೂರಿಸಿದವಳು. ಎಡಚಿ ಅನ್ನಿಸಿಕೊಳ್ಳಬಾರದು, ಆರತಿಗೆ ಎಡಗೈ ಚಾಚಬಾರದು... ತಿದ್ದಿದೆನೆಂದು ನೆಂಟರ ಮುಂದೆಲ್ಲ ಹೆಮ್ಮೆ ಪಟ್ಟೆ.

ನೀನು ಭುಜ ಬದಲಾಯಿಸಿದ್ದು ಅಂಗಡಿಯಾತನ ಕಣ್ಣಿಗೆ ಬಿದ್ದಿತ್ತು. ನಿನ್ನ ಎರಡೂ ಅಂಗೈ ಜೋಡಿಸಿ ನಡುವೆ ಸಣ್ಣ ಕಿಂಡಿ ಮಾಡಿಸಿದ, ಅದರೊಳಗಿಂದ ಗೋಡೆಯ ಗಡಿಯಾರ ನೋಡಿಸಿದ, ಒಂದೊಂದೇ ಕಣ್ಣು ಮುಚ್ಚಿಸಿದ. ಅಷ್ಟರಲ್ಲಿ ಅಪ್ಪನ ಫೋನು ಬಂತು — ದೂರದಲ್ಲೆಲ್ಲೋ ಕಾರು ನಿಲ್ಲಿಸಿ ದಾರಿ ತಪ್ಪಿದ್ದಾನಂತೆ. ಕರೆತರಲು ನೀನು ಹೊರಗೆ ಓಡಿದೆ.

"ಮಾತಾಜಿ, ಬಚ್ಚಿ ಲೆಫ್ಟೀ ಹೈ," ಎಂದ ಆತ ಮೆಲ್ಲಗೆ. ಹುಡುಗಿಯ ಕೈಯೂ ಎಡ, ಗುರಿ ನೋಡುವ ಕಣ್ಣೂ ಎಡ. ಬಲದ್ದನ್ನು ಕೊಡಿಸಿದರೆ ಕತ್ತು ವಾಲಿಸಿ ವಾಲಿಸಿ ಸೋಲುತ್ತಾಳೆ. ಎಡದ್ದನ್ನು ತರಿಸಿಕೊಡುತ್ತೇನೆ, ಸ್ವಲ್ಪ ಕಾಯಿರಿ — ಇಷ್ಟನ್ನೂ ಹೇಳಿದ. ನನ್ನ ಹಿಂದಿ ಹರಕು, ಆದರೆ ಒಂದೊಂದು ಮಾತೂ ಅರ್ಥವಾಯಿತು. ಹಾಗಾದರೆ ಆ ಸೌಟು, ಆ ಸೆರಗು...? ನಮ್ಮ ಹುಡುಗಿ ಬಲಗೈಯವಳೇ, ಇದನ್ನು ಅವಳಿಗೆ ಹೇಳಬೇಡಿ ಎಂದೆ. ಆತ ಏನೋ ಹೇಳಹೊರಟ. ನೀವಿಬ್ಬರೂ ಒಳಗೆ ಬಂದಿರಿ.

ಆ ರೈಫಲಿನತ್ತ ಕೈ ತೋರಿಸಿ ನಾನೇ ಮುಂದಾದೆ. "ಬಲಗಡೇದೇ ಸರಿ ಪುಟ್ಟಿ. ಅಂಗಡಿಯವರೂ ಅದನ್ನೇ ಹೇಳಿದ್ರು."

ಆತ ನನ್ನನ್ನು ನೋಡಿದ, ನಿನ್ನನ್ನು ನೋಡಿದ, ತಲೆ ತಗ್ಗಿಸಿ ರೈಫಲನ್ನು ಪೆಟ್ಟಿಗೆಯಲ್ಲಿಟ್ಟ.

ಆಯುಧಪೂಜೆಗೆ ಅದಕ್ಕೆ ಕುಂಕುಮ ಹಚ್ಚಿ ಹೂ ಮುಡಿಸಿದವಳೂ ನಾನೇ. ಆಮೇಲಿನದು ನಿನಗೆ ಗೊತ್ತು. ಕತ್ತು ಹಿಡಿದುಕೊಂಡು ಬರುತ್ತಿದ್ದೆ. ನಾನು ಕೈಲಾಗದವಳು ಅಜ್ಜಿ, ಬಿಟ್ಟುಬಿಡುತ್ತೇನೆ ಎಂದು ನನ್ನ ಮಡಿಲಲ್ಲೇ ಅತ್ತೆ. ಹರಳೆಣ್ಣೆ ಬಿಸಿ ಮಾಡಿ ನಿನ್ನ ಕತ್ತು ತಿಕ್ಕಿದೆ — ಯಾಕೆ ನೋಯುತ್ತದೆಂದು ಗೊತ್ತಿದ್ದೇ ತಿಕ್ಕಿದೆ. ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ಹೊಸ ಕೋಚ್ ಬಂದು ಅದೇ ಅಂಗೈ ಕಿಂಡಿಯಲ್ಲಿ ನೋಡಿಸಿ, ಎಡದ ರೈಫಲ್ ಕೈಗಿಡುವವರೆಗೂ ಆಡಲಿಲ್ಲ.

ನಾಳೆ ಆ ಮುದುಕ ನನ್ನ ಗುರುತು ಹಿಡಿದಾನೆಂಬ ಹೆದರಿಕೆಗೆ ಇದನ್ನು ಬರೆಯುತ್ತಿದ್ದೇನೆಯೇ? ಅದೂ ಇದೆ. ಇಲ್ಲವೆಂದರೆ ಇನ್ನೊಂದು ಸುಳ್ಳಾದೀತು. ಆದರೆ ನಿನ್ನನ್ನು ನೀನೇ ದಡ್ಡಿ ಎಂದು ಕರೆದುಕೊಂಡೆಯಲ್ಲ — ಅದನ್ನು ನುಂಗಿಕೊಂಡು ಮೈಸೂರು ಪಾಕು ಹಂಚಲು ನನ್ನಿಂದ ಇನ್ನು ಆಗದು.

ನಿನಗೆ ಕನ್ನಡ ಓದಲು ಬಾರದು. ಆ ಧೈರ್ಯದ ಮೇಲೇ ಇಷ್ಟನ್ನೂ ಬರೆದೆನೇನೋ. ಅದಕ್ಕೇ, ಹೊರಡುವ ಮೊದಲು ನಿನ್ನನ್ನೂ ಅಪ್ಪನನ್ನೂ ಕೂರಿಸಿಕೊಂಡು ನಾನೇ ಓದುತ್ತೇನೆ. ತಡವರಿಸಿದರೂ ಒಂದು ಸಾಲೂ ಬಿಡುವುದಿಲ್ಲ. ಆಮೇಲೂ ನೀನು ಕರೆದರೆ ಅಂಗಡಿಗೆ ಬರುತ್ತೇನೆ, ಆತನಿಗೆ ಕೈ ಮುಗಿದು ಬಾಗಿಲ ಹತ್ತಿರ ಕೂರುತ್ತೇನೆ.

ರೈಫಲ್ ಎತ್ತಿದಾಗ ನನ್ನ ಕಡೆ ನೋಡಬೇಡ, ಪುಟ್ಟೀ.