ಅರಕೆರೆ ದೊಡ್ಡವ್ವನ ಮೇಣದ ಕೊಳವೆ

ನಾನು ಓದು ಬಿಟ್ಟದ್ದು 1976ರಲ್ಲಿ, ಎಂಟನೇ ಕ್ಲಾಸಿನ ಅರ್ಧಕ್ಕೆ. ಅದಕ್ಕೆ ನಾಚಿಕೆಯೇನಿಲ್ಲ. ಆಮೇಲೆ ನನಗೆ ಪಾಠ ಹೇಳಿಕೊಟ್ಟದ್ದು ನನ್ನ ಬೆರಳು ಮತ್ತು ಮೂಗು. ಸುಟ್ಟಿರುವುದು ಟ್ರಾನ್ಸ್‌ಫಾರ್ಮರೋ, ಬರೀ ಧೂಳು ಕಾದದ್ದೋ ಎಂದು ರೇಡಿಯೋ ಬಿಚ್ಚುವ ಮೊದಲೇ ವಾಸನೆಯಲ್ಲಿ ಹೇಳಿಬಿಡುತ್ತಿದ್ದೆ, ಈಗಲೂ ಹೇಳುತ್ತೇನೆ. ಮೊನ್ನೆ ಕೆ.ಆರ್. ಪೇಟೆಯವರೊಬ್ಬರು ಅವರ ತಂದೆಯ ಕಾಲದ ಆಂಪ್ಲಿಫೈಯರನ್ನು ರಟ್ಟಿನ ಡಬ್ಬದಲ್ಲಿ ತಂದು ನನ್ನ ಮೇಜಿನ ಮೇಲಿಟ್ಟರು. ಮುಚ್ಚಳ ತೆಗೆದೆ. ಬೂಷ್ಟು ಹಿಡಿದ ರಟ್ಟಿನ ವಾಸನೆ... ಅವರು ಏನೋ ಹೇಳುತ್ತಲೇ ಇದ್ದರು, ನನ್ನ ಕಿವಿಗೆ ಬೀಳಲಿಲ್ಲ. ಅರಕೆರೆಯ ದೊಡ್ಡವ್ವ ಎದುರಿಗೆ ಬಂದು ನಿಂತ ಹಾಗಾಯಿತು.

ದೊಡ್ಡವ್ವ ನನಗೆ ನೆಂಟರಲ್ಲ, ಗಿರಾಕಿ. ತೊಂಬತ್ತರ ದಶಕದ ಆರಂಭದಲ್ಲಿ ನನ್ನ ಅಂಗಡಿ ಶ್ರೀರಂಗಪಟ್ಟಣದಲ್ಲಿತ್ತು. ಅವರು ಅರಕೆರೆಯಿಂದ ಬಸ್ಸಿನಲ್ಲಿ ಬಂದು ರೇಡಿಯೋಗೆ ಸೆಲ್ಲು ಹಾಕಿಸಿಕೊಂಡು, ಸ್ವಲ್ಪ ಹೊತ್ತು ಕೂತು, ನನ್ನನ್ನು ನಾಲ್ಕು ಬೈದು ಹೋಗುತ್ತಿದ್ದರು. ಎಂಬತ್ತು ದಾಟಿದ ವಯಸ್ಸು. ನಡಿಗೆ ಮಾತ್ರ ಗದ್ದೆ ಬದುವಿನ ಮೇಲೆ ನಡೆದಷ್ಟೇ ಗಟ್ಟಿ. ಒಂದು ದಿನ ಚೀಲದಿಂದ ಎರಡು ದುಂಡನೆಯ ರಟ್ಟಿನ ಡಬ್ಬ ತೆಗೆದರು. ಒಂದಕ್ಕೆ ಕರಿ ದಾರ ಸುತ್ತಿತ್ತು. ಅದನ್ನು ಬೆರಳಲ್ಲಿ ಮುಟ್ಟಿ ತೋರಿಸಿದರು.

“ಇದ್ರೊಳಗೆ ನಮ್ಮವ್ವ ಅವ್ಳೆ. ಈಚೆಗೆ ಕರೀತೀಯಾ?”

ಒಳಗೆ ಇದ್ದದ್ದು ಮೇಣದ ಕೊಳವೆ. ಸಣ್ಣ ಲೋಟದಷ್ಟು ಗಾತ್ರ, ಒಳಗೆ ಟೊಳ್ಳು, ಬೆಲ್ಲದ ಬಣ್ಣ; ಮೈಮೇಲೆ ಕೂದಲಿಗಿಂತ ಸಣ್ಣ ಗೆರೆಗಳು. ಗ್ರಾಮಫೋನ್ ಪ್ಲೇಟುಗಳಿಗೂ ಮುಂಚೆ ಹಾಡು ಇಂಥ ಕೊಳವೆಗಳ ಮೇಲೆ ಇರುತ್ತಿತ್ತಂತೆ. ಮನೆಯಲ್ಲೇ ಕೂತು ತುತ್ತೂರಿಗೆ ಬಾಯಿಟ್ಟು ಹಾಡಿದರೆ ಅದೇ ಯಂತ್ರ ದನಿಯನ್ನು ಮೇಣದ ಮೇಲೆ ಕೊರೆದುಕೊಳ್ಳುತ್ತಿತ್ತಂತೆ. ದೊಡ್ಡವ್ವನ ಅಪ್ಪ, ಕನ್ನಂಬಾಡಿ ಕಟ್ಟೆ ಕಟ್ಟುವ ಕಾಲದಲ್ಲಿ, ಯಾರೋ ಇಂಜಿನಿಯರ ಬಂಗಲೆಯಲ್ಲಿ ಕೆಲಸಕ್ಕಿದ್ದವನು. ಇಂಜಿನಿಯರು ಊರು ಬಿಡುವಾಗ ಯಂತ್ರ ಇವನಿಗೆ ಬಂತು. ಅದರಲ್ಲಿ ಹೆಂಡತಿಯ ಕೈಲಿ ಒಂದು ಜೋಗುಳ ಹಾಡಿಸಿ ಇಟ್ಟ. ಆಕೆ ತೀರಿಕೊಂಡಾಗ ದೊಡ್ಡವ್ವ ಕೈಗೂಸು. ಅಪ್ಪ ಬೇಗನೆ ಬೇರೆ ಮದುವೆಯಾಗಿ, ಕೂಸನ್ನು ಅಕ್ಕಿಹೆಬ್ಬಾಳಿನ ಅಜ್ಜಿ ಮನೆಗೆ ಕಳಿಸಿಬಿಟ್ಟ. ಯಂತ್ರವನ್ನು ಮಲತಾಯಿಯ ಮಕ್ಕಳು ಗುಜರಿಗೆ ಹಾಕಿದರು.

“ಅಪ್ಪ ಸತ್ತಾಗ ನಾನು ಹೊಲ ಕೇಳ್ನಿಲ್ಲ ಕಣ್ಲಾ, ಈ ಡಬ್ಬ ಕೇಳ್ದೆ,” ಅಂದರು. “ಅವ್ವನ ಮೊಕ ಗೊತ್ತಿಲ್ಲ. ದನಿಯಾರ ಕೇಳ್ಬುಟ್ಟು ಸಾಯನಾ ಅಂತ.”

ಮೈಸೂರಿನ ದೊಡ್ಡ ಅಂಗಡಿಯೊಂದರಲ್ಲಿ ಇದಕ್ಕೆ ಯಂತ್ರ ಸಿಗುವುದಿಲ್ಲ, ಆಗುವುದಿಲ್ಲ ಅಂದಿದ್ದರಂತೆ. ಅವರು ಆಗಲ್ಲ ಅಂದರು ಅಂತಲೇ ನಾನು ಆಗುತ್ತೆ ಅಂದೆ. ನನ್ನ ಸ್ವಭಾವ ಅದು.

ಇನ್ನೊಂದು ಡಬ್ಬದಲ್ಲಿ ಯಂತ್ರದ ಜೊತೆಗೇ ಬಂದಿದ್ದ ಒಡೆದ ಕೊಳವೆ ಇತ್ತು, ಅದನ್ನು ಪರೀಕ್ಷೆಗೆಂದು ನನ್ನಲ್ಲಿ ಬಿಟ್ಟರು. ಕರಿ ದಾರದ್ದನ್ನು ಬಿಡಲಿಲ್ಲ. “ಅಂಗಡೀಲಿ ನಮ್ಮವ್ವನ್ನ ಕೂರಿಸ್ಬುಟ್ಟು ಓಗ್ಲಾ? ಬಂದೋರೆಲ್ಲ ನೋಡ್ಲಿ ಅಂತಾವಾ?”

ಕೆಟ್ಟ ಟೇಪ್ ರೆಕಾರ್ಡರಿನ ಮೋಟರು, ರೆಕಾರ್ಡ್ ಪ್ಲೇಯರಿನ ಮುಳ್ಳು ಮತ್ತು ತೋಳು, ತೋಳನ್ನು ಮೆಲ್ಲಗೆ ಪಕ್ಕಕ್ಕೆ ಜರುಗಿಸಲು ಸ್ಕ್ರೂವಿನ ಹಾಗೆ ಮೈಯೆಲ್ಲ ಮರೆ ಸುತ್ತಿದ ಉದ್ದನೆಯ ಸರಳು... ಇಷ್ಟು ಹೊಂದಿತು. ಕೊಳವೆಯನ್ನು ಸಿಕ್ಕಿಸಲು ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಆಗುವ ಮರದ ಗೂಟ ಬೇಕಿತ್ತು. ನಮ್ಮ ಬೀದಿಯ ಬಡಗಿಯ ಹತ್ತಿರ ಹೋದೆ. ತೊಟ್ಟಿಲ ಕಾಲು ಕಡೆಯುತ್ತ ಕೂತಿದ್ದ.

“ಇದೇನ್ಲಾ, ಚಪಾತಿ ಲಟ್ಟಣಿಗೆಯಾ?”

“ಹಾಡು ಕೇಳಾಕೆ ಕಣಣ್ಣ.”

“ಮಾಡ್ಕೊಡ್ತೀನಿ ಬುಡು. ಹಾಡ್ದೆ ಹೋದ್ರೆ ಮೊಳೆ ಹೊಡ್ಕೊ, ಬುಗುರಿ ಆಯ್ತದೆ.”

ಹಾಡಲಿಲ್ಲ. ಮೊದಮೊದಲು ಬಂದದ್ದು ಬರೀ ಕರಕರ. ಅಂಗಡಿಯ ಕೆಲಸ ಮುಗಿಸಿ ದಿನಾ ಅದರ ಮುಂದೆ ಕೂರುತ್ತಿದ್ದೆ. ಪ್ಲೇಟಿನಲ್ಲಿ ಮುಳ್ಳು ಅಕ್ಕಪಕ್ಕಕ್ಕೆ ಅಲುಗುತ್ತದೆ. ಈ ಕೊಳವೆಯ ಗೆರೆ ಹಾಗಲ್ಲ, ಅದರ ಆಳವೇ ಏರಿಳಿಯುತ್ತದೆ, ಮುಳ್ಳು ಮೇಲೆ ಕೆಳಗೆ ಕುಣಿಯಬೇಕು ಎಂದು ಭೂತಗನ್ನಡಿ ಹಿಡಿದು ನೋಡಿದ ಮೇಲೆ ಹೊಳೆಯಿತು. ಆ ಏರಿಳಿತವಷ್ಟೇ ಕೇಳಿಸುವ ಹಾಗೆ ಸ್ಟೀರಿಯೋ ಮುಳ್ಳಿನ ಒಂದು ಕಡೆಯ ತಂತಿಗಳನ್ನು ಅದಲುಬದಲು ಮಾಡಿ ಬೆಸುಗೆ ಹಾಕಿದೆ. ಯಾವುದೋ ದೇಶದ ಬ್ಯಾಂಡು, ಒಡಕಿನ ಜಾಗದಲ್ಲಿ ಟಿಕ್ಕು ಟಿಕ್ಕು ಅನ್ನುತ್ತ, ಎದ್ದು ಬಂತು. ಬಡಗಿಯನ್ನು ಕರೆದು ಕೇಳಿಸಿದೆ. ಅವನು ತಲೆಯ ಮೇಲಿನ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡ.

ಅಷ್ಟರಲ್ಲಿ ಮಳೆಗಾಲ ಮುಗಿದಿತ್ತು. ಯಂತ್ರವನ್ನು ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಅರಕೆರೆಗೆ ಹೋದೆ. ದೊಡ್ಡವ್ವ ಸ್ನಾನ ಮಾಡಿ, ಒಗೆದ ಸೀರೆ ಉಟ್ಟು ಕಾಯುತ್ತಿದ್ದರು. ಹಬ್ಬದ ದಿನದ ಹಾಗೆ ಕಂಡರು. ಕರಿ ದಾರದ ಡಬ್ಬ ತರಲು ಅಡುಗೆಮನೆಗೆ ಹೋದವರು ಏಣಿ ಎಳೆದ ಸದ್ದು ಕೇಳಿಸಿತು.

“ಮಳೇಗೆ ಬೆಳ್ಳಗೆ ಬೂಷ್ಟು ಕಟ್ಬುಟ್ಟಿತ್ತು ಕಣ್ಲಾ,” ಅಂತ ಒಳಗಿನಿಂದಲೇ ಹೇಳಿದರು. “ಒರೆಸ್ಬುಟ್ಟು, ಒಲೆ ಮ್ಯಾಲಿನ ಅಟ್ಟಕ್ಕೆ ಏರ್ಸಿವ್ನಿ. ಈಗ ಗರಿಗರಿಯಾಗಿ ಒಣಗೈತೆ.”

ನಮ್ಮ ಕಡೆ ಬಿತ್ತನೆಯ ಅವರೆ, ಸೋರೆ ಬೀಜ, ವರ್ಷದ ಮೆಣಸಿನಕಾಯಿ ಎಲ್ಲ ಇರುವುದು ಒಲೆಯ ಮೇಲಿನ ಅಟ್ಟದಲ್ಲಿ. ಹೊಗೆಗೆ ಹುಳ ಬೀಳುವುದಿಲ್ಲ, ಶಾಖಕ್ಕೆ ತೇವ ನಿಲ್ಲುವುದಿಲ್ಲ. ಯಾವುದು ಕೆಡಬಾರದೋ ಅದು ಅಲ್ಲಿಗೆ ಹೋಗುತ್ತದೆ. ನಮ್ಮವ್ವ ಆಗಿದ್ದರೂ ಅಲ್ಲೇ ಇಡುತ್ತಿದ್ದಳು. ಆದರೆ ಇದು ಬೀಜವಲ್ಲ, ಮೇಣ.

ಕೊಳವೆಯ ಒಂದು ಕೊನೆ ದುಂಡಗೇ ಇತ್ತು. ಅಲ್ಲಿಂದಾಚೆಗೆ ಒಂದು ಮಗ್ಗುಲು ಕುಸಿದು, ಗೆರೆಗಳು ನುಣ್ಣಗೆ ಸವರಿದ ಹಾಗಿದ್ದವು. ದೊಡ್ಡವ್ವ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಅವರತ್ತ ನೋಡದೆ ಕೊಳವೆಯನ್ನು ಗೂಟಕ್ಕೆ ಏರಿಸಿದೆ. ಕ್ಯಾಸೆಟ್ಟಿಗೆ ಹಿಡಿದುಕೊಳ್ಳೋಣವೆಂದು ಟೇಪ್ ರೆಕಾರ್ಡರ್ ಜೋಡಿಸಲು ಹೋದಾಗ ಕೈ ಅಡ್ಡ ಹಿಡಿದರು.

“ನಾನು ಕೇಳೋಕೆ ಮುಂಚೆ ಆ ಪೆಟ್ಗೆ ಕೇಳ್ಬೇಕಾ? ಮೊದ್ಲು ನಾನು. ಆಮೇಲೆ ಬೇಕಾದ್ದು ಮಾಡ್ಕೊ.”

ಮುಳ್ಳು ಇಳಿಸಿದೆ. ಕರಕರ ಸದ್ದಿನ ಹಿಂದಿನಿಂದ, ಬಾವಿಯೊಳಗಿನಿಂದ ಬಂದ ಹಾಗೆ ಒಂದು ದನಿ ಬಂತು. ಗಂಡಸಿನ ದನಿ.

“ಎದರ್ಕಬ್ಯಾಡ ಕಣಮ್ಮಿ. ನಾನಿಲ್ವಾ ಇಲ್ಲಿ. ಮಗೀಗೆ ಹಾಡಲ್ವಾ, ಅಂಗೇ ಹಾಡು...”

ಒಂದು ಹೆಣ್ಣು ದನಿ ಸಣ್ಣಗೆ ನಕ್ಕಿತು. ಗಂಟಲು ಸರಿಮಾಡಿಕೊಂಡಿತು. ಅಷ್ಟೇ. ಮುಳ್ಳು ಕುಸಿದ ಕಡೆಗೆ ಬಂದು, ನೆಗೆದು, ಮೆತ್ತನೆಯ ಮೇಣದೊಳಗೆ ನಾಟಿ, ಇದ್ದ ಗೆರೆಗಳನ್ನೂ ಉತ್ತುಕೊಂಡು ಹೋಯಿತು. ನಾನು ತೋಳು ಎತ್ತುವಷ್ಟರಲ್ಲಿ ಹಾಡಿನ ಜಾಗದಲ್ಲಿ ಒಂದು ನೇಗಿಲ ಸಾಲು ಬಿದ್ದಿತ್ತು.

ದೊಡ್ಡವ್ವ ಯಂತ್ರದ ಹತ್ತಿರಕ್ಕೆ ಬಗ್ಗಿದರು. ಆಮೇಲೆ, “ಅದು ನಮ್ಮಪ್ಪನಾ?” ಅಂದರು. ಇನ್ಯಾರು ಇರುತ್ತಾರೆ ದೊಡ್ಡವ್ವ, ಅಂದೆ. “ಇಷ್ಟು ಮೆತ್ತಗೆ ಮಾತಾಡ್ತಿದ್ನಾ ಅವ್ನು? ನನ್ತಾವ ಒಂದಿನಾನೂ ಇಂಗೆ ಮಾತಾಡ್ನಿಲ್ಲ...”

ಕೊಳವೆಯನ್ನು ಕೈಗೆ ತೆಗೆದುಕೊಂಡು ಕುಸಿದ ಮಗ್ಗುಲನ್ನು ಸವರಿದರು. “ಬಿಸೀಗೆ ಇಂಗಾಯ್ತಾ?”

“ಹಳೇದಲ್ವಾ ದೊಡ್ಡವ್ವ, ಕಾಲ ಕಳೀತಾ...”

“ಸುಳ್ಳು ಯೋಳ್ಬ್ಯಾಡ ಕಣ್ಲಾ. ನಾನು ಹುಟ್ಟಿದಾಗಿಂದ ಇದ್ದದ್ದು ಒಂದು ಮಳೆಗಾಲಕ್ಕೆ ಕರಗೋಯ್ತಾ?”

ಇನ್ನೊಂದು ಸಲ ಹಾಕುತ್ತೇನೆ, ಮೊದಲಿನ ಮಾತಾದರೂ ಕ್ಯಾಸೆಟ್ಟಿಗೆ ಸಿಗಬಹುದು ಅಂದೆ. ಅವರು ಡಬ್ಬದ ಮುಚ್ಚಳ ಹಾಕಿಬಿಟ್ಟರು.

“ಬ್ಯಾಡ. ಅವ್ಳನ್ನ ಬಾಗ್ಲ ಗಂಟ ಕರ್ದು ಕರ್ದು ವಾಪಸ್ ಕಳಿಸ್ಬ್ಯಾಡ.”

ಬಸ್ಸಿನಲ್ಲಿ ವಾಪಸ್ಸು ಬರುವಾಗ ಯಂತ್ರ ಹೋಗುವಾಗಿನಷ್ಟೇ ಭಾರವಿತ್ತು. ಅದು ಸರಿಯಾಗಿಯೇ ಕೆಲಸ ಮಾಡಿತ್ತು. ನಾನು ಮಾಡಿದ ಕೆಲಸ ಸರಿಯಾಗಿದ್ದೂ ಯಾರಿಗೂ ದಕ್ಕಲಿಲ್ಲ ಅನ್ನುವುದು ನನಗೆ ಅದೇ ಮೊದಲು. ಯಾರನ್ನು ಬಯ್ಯಬೇಕು ಗೊತ್ತಾಗಲಿಲ್ಲ.

ಆಮೇಲೂ ಅವರು ಸೆಲ್ಲಿಗೆಂದು ಬರುತ್ತಿದ್ದರು. ಬಯ್ಯುವುದು ಕಡಿಮೆಯಾಗಿತ್ತು. ಒಮ್ಮೊಮ್ಮೆ ಎದ್ದು ಹೊರಡುವ ಹೊತ್ತಿಗೆ ಕೇಳುವರು: “ಅವ್ನು ಏನಂದ, ಯೋಳ್ಲಾ.” ನಾನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು, ನನ್ನ ಒರಟು ಗಂಟಲಲ್ಲಿ, ಎದರ್ಕಬ್ಯಾಡ ಕಣಮ್ಮಿ, ನಾನಿಲ್ವಾ ಇಲ್ಲಿ, ಅನ್ನುತ್ತಿದ್ದೆ. “ಥೂ, ನಿನ್ ದನಿ ಸರಿಗಿಲ್ಲ. ಇನ್ನೂ ಮೆತ್ತಗೆ ಅಂದಿದ್ದ,” ಎನ್ನುವರು. ಆದರೂ ಪೂರ್ತಿ ಕೇಳಿಸಿಕೊಂಡೇ ಹೋಗುವರು.

ನಾನು ಅಂಗಡಿಯನ್ನು ಪಾಂಡವಪುರಕ್ಕೆ ಬದಲಾಯಿಸಿದ ಮೇಲೆ ಹೋಗಿಬರುವುದು ತಪ್ಪಿತು. ದೊಡ್ಡವ್ವ ತೀರಿಕೊಂಡ ಸುದ್ದಿ ತಡವಾಗಿ ಗೊತ್ತಾಯಿತು. ಮಣ್ಣು ಮಾಡುವಾಗ ಎಲೆಯಡಿಕೆ ಚೀಲದ ಜೊತೆ ಕರಿ ದಾರದ ಡಬ್ಬವನ್ನೂ ಗುಂಡಿಯೊಳಗೆ ಇಟ್ಟರಂತೆ. ಅವರೇ ಹೇಳಿದ್ದರಂತೆ.

ಈಗ ನನ್ನ ಹತ್ತಿರ ಒಂದು ಸ್ವಂತ ಅಂಗಡಿ ಇದೆ, ಹಿಂದೆ ಎರಡು ಕೋಣೆಯ ಮನೆ ಇದೆ. ಮರದ ಗೂಟದ ಯಂತ್ರ ಒಂದು, ಒಡೆದ ಬ್ಯಾಂಡಿನ ಕೊಳವೆ ಒಂದು. ಆ ಗಂಡಸು ಹೆಂಡತಿಗೆ ಹೇಳಿದ ಮಾತು ಕೇಳಿದವರು ಇಬ್ಬರು, ಉಳಿದಿರುವವನು ಒಬ್ಬ.