ಜೀಪಿನ ಚಾಸಿಸ್ ನಂಬರ್ ತೆಗೆದ ರಾತ್ರಿ

ನನಗೆ ಕಥೆ ಹೆಣೆಯಲು ಬರುವುದಿಲ್ಲ. ಅಂದು ಕಿವಿಗೆ ಬಿದ್ದದ್ದು ಎಷ್ಟೋ ಅಷ್ಟನ್ನೇ ಬರೆಯುತ್ತೇನೆ. ನಂಬದಿದ್ದರೆ ನನಗೇನೂ ಬೇಸರವಿಲ್ಲ. ನಂಬದಿರಲು ನಾನೂ ಬಹಳ ದಿನ ಪ್ರಯತ್ನ ಮಾಡಿದ್ದೇನೆ.

ಮಾದಾಪುರದ ಕಡೆ ಗಾಜಿನ ಕಟ್ಟಡಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ. ನಾವು ಬೀದರ್ ಕಡೆಯವರು, ದುಡಿಯಲು ಗಡಿ ದಾಟಿ ಆ ಊರಿಗೆ ಬಂದವರು. ನನ್ನ ಯಜಮಾನರು ಬಾಲಾನಗರದ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಅವರಿಗಿದ್ದದ್ದು ಒಂದೇ ಹುಚ್ಚು, ಮಿಲಿಟರಿಯವರು ಹರಾಜು ಹಾಕುವ ಹಳೇ ಜೀಪು. ಮೂರು ಸಲ ಹೋಗಿ ಬರಿಗೈಯಲ್ಲಿ ಬಂದಿದ್ದರು. ನಾಲ್ಕನೇ ಸಲ ನನ್ನ ಹೆಸರಿನಲ್ಲಿ ಕೂಗಿದರು. ಸಿಕ್ಕಿತು.

ಜೀಪನ್ನು ಮಿಲಿಟರಿ ಡಿಪೋದಿಂದ ಬಿಡಿಸಿಕೊಳ್ಳುವ ಮೊದಲೇ, ಡ್ಯೂಟಿಗೆ ಹೊರಟವರು ಬಸ್ಸಿನಲ್ಲೇ ಕುಸಿದರು. ಆಸ್ಪತ್ರೆ ಮುಟ್ಟಲಿಲ್ಲ.

ಅವರು ಹೋದ ಇಪ್ಪತ್ತೆರಡನೇ ದಿನಕ್ಕೆ ಡಿಪೋದಿಂದ ಕಾಗದ ಬಂತು. ವಾರದೊಳಗೆ ಗಾಡಿ ಎತ್ತಿಕೊಂಡು ಹೋಗಬೇಕು.

ನಾನು ಅಷ್ಟು ದಿನವೂ ಅತ್ತಿರಲಿಲ್ಲ. ಮುಂದೆ ಅನ್ನ ಇಟ್ಟರೆ ಉಣ್ಣುತ್ತಿದ್ದೆ, ಸಹಿ ಮಾಡು ಎಂದಲ್ಲಿ ಸಹಿ ಮಾಡುತ್ತಿದ್ದೆ. ಮೈಯೆಲ್ಲ ಜೋಮು ಹಿಡಿದ ಹಾಗಿತ್ತು. ಮೈದುನ ವೀರೇಶ ಮಾದಾಪುರದ ಆಫೀಸಿಗೆ ರಜೆ ಹಾಕಿ ಬಂದ.

"ವೈನಿ, ನಿಮಗ ಬ್ಯಾಡ ಅನಸಿದ್ರ ಬಿಟ್ಟುಬಿಡೋಣು," ಎಂದ.

"ಅವರು ಆಸೆಪಟ್ಟು ತಗೊಂಡಾರ. ಮನಿಗಿ ತರೋಣು," ಎಂದೆ.

ಸೈನ್ಯದ ಗಾಡಿಗೆ ನಮ್ಮ ನಿಮ್ಮಂಥವರ ನಂಬರ್ ಪ್ಲೇಟ್ ಇರುವುದಿಲ್ಲ. ಹೊಸದಾಗಿ ರಿಜಿಸ್ಟ್ರೇಷನ್ ಆಗಬೇಕು, ಅದಕ್ಕೂ ಮೊದಲು ಇನ್ಶೂರೆನ್ಸ್. ಹಳೇ ಗಾಡಿಯಾದ್ದರಿಂದ ಇನ್ಶೂರೆನ್ಸ್‌ನವರು ಕಣ್ಣಾರೆ ನೋಡಿ, ಗಾಡಿಯ ಚೌಕಟ್ಟಿನಲ್ಲಿ ಕೊರೆದಿರುವ ಚಾಸಿಸ್ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳಬೇಕು. ಅಲ್ಲಿಯವರೆಗೆ ರಸ್ತೆಗೆ ಇಳಿಸುವಂತಿಲ್ಲ. ಜೀಪನ್ನು ಲಾರಿಯಲ್ಲಿ ಹೇರಿಸಿ ಮೆಹದಿಪಟ್ಟಣಂನ ಖಾಜಾ ಭಾಯಿಯ ಶೆಡ್ಡಿಗೆ ತಂದೆವು. ಖಾಜಾ ಭಾಯಿ ನಮ್ಮವರ ಹಳೇ ಸ್ನೇಹಿತ, ಮೆಕ್ಯಾನಿಕ್.

"ಕಾಗಜ್ ಆನೇ ತಕ್ ಯಹೀಂಚ್ ರಹನೇ ದೋ, ಬೆಹೆನ್," ಎಂದು, ಕಾಗದ ಬರುವವರೆಗೆ ಅಲ್ಲೇ ಇರಲೆಂದು ಜೀಪನ್ನು ಒಳಗೆ ತಳ್ಳಿಸಿದರು.

ಸಂಜೆ ಐದಕ್ಕೆ ಬರುತ್ತೇನೆಂದಿದ್ದ ಇನ್ಶೂರೆನ್ಸ್ ಸರ್ವೇಯರ್, ಟ್ರಾಫಿಕ್ಕಿನಲ್ಲಿ ಸಿಕ್ಕಿ, ಬಂದಾಗ ಎಂಟು ದಾಟಿತ್ತು. ಕರೆಂಟ್ ಹೋಗಿತ್ತು. ಖಾಜಾ ಭಾಯಿ ಊಟಕ್ಕೆಂದು ಮನೆಗೆ ಹೋಗಿದ್ದರು. ವೀರೇಶ ಜೆರಾಕ್ಸ್ ಅಂಗಡಿ ಹುಡುಕಿಕೊಂಡು ಹೋಗಿದ್ದ. ನಾನೊಬ್ಬಳೇ ಶೆಡ್ಡಿನ ಶಟರ್ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದೆ.

ಇಲ್ಲೊಂದು ಮಾತು ಹೇಳಬೇಕು. ಆ ಶೆಡ್ಡಿಗೆ ಶಟರ್ ಒಂದೇ ದಾರಿ. ಉಳಿದ ಮೂರು ಕಡೆ ಗೋಡೆ. ಕಿಟಕಿ ಕೂಡ ಇಲ್ಲ.

ಸರ್ವೇಯರ್ ಕುಲಕರ್ಣಿ ಅಂತ, ರಾಯಚೂರಿನವರು, ಐವತ್ತರ ಆಸುಪಾಸು. ನನ್ನ ಕನ್ನಡ ಕೇಳಿ ಖುಷಿಪಟ್ಟರು. "ನೀವು ಕುಂದರ್ರಿ ಅಕ್ಕಾರ, ಹತ್ತು ನಿಮಿಷದ ಕೆಲಸ," ಎಂದು ಫಾರಂ ತೆಗೆದುಕೊಂಡು, ಟಾರ್ಚ್ ಹಿಡಿದು ಒಳಗೆ ಹೋದರು.

ಬಾನೆಟ್ ಎತ್ತಿದ ಸದ್ದು. ಆಮೇಲೆ ಕಾಗದದ ಮೇಲೆ ಪೆನ್ಸಿಲ್... ಸರ್... ಸರ್...

ಸ್ವಲ್ಪ ಹೊತ್ತಿಗೆ ಅವರ ಮಾತು ಕೇಳಿಸಿತು, ಹಿಂದಿಯಲ್ಲಿ. ಒಂದು ಮಾತು, ಆಮೇಲೆ ಮೌನ. ಮತ್ತೊಂದು ಮಾತು, ಮತ್ತೆ ಮೌನ. ಎದುರಿನವರ ಉತ್ತರಕ್ಕೆ ಕಾಯುವಷ್ಟೇ ಹೊತ್ತು. ಆ ಉತ್ತರ ಮಾತ್ರ ನನಗೆ ಕೇಳಿಸಲಿಲ್ಲ. ಸೀಟಿನ ಸ್ಪ್ರಿಂಗ್ ಕಿರ್ರೆಂದಿತು, ಯಾರೋ ಭಾರ ಬಿಟ್ಟು ಕೂತ ಹಾಗೆ. ಎಲ್ಲಿಂದಲೋ ಬೂಟ್ ಪಾಲಿಶಿನ ವಾಸನೆ ಬಂತು...

ಖಾಜಾ ಭಾಯಿ ಬಂದಿರಬೇಕು ಎಂದುಕೊಂಡೆ. ಬಂದಿದ್ದರೆ ನನ್ನನ್ನು ದಾಟಿಯೇ ಹೋಗಬೇಕಿತ್ತು ಎಂಬುದು ಹೊಳೆಯಲಿಲ್ಲ. ಆ ದಿನಗಳಲ್ಲಿ ನನ್ನ ತಲೆ ಹಾಗೇ ಇತ್ತು.

ಕುಲಕರ್ಣಿ ಹೊರಗೆ ಬಂದು ಕೈ ಒರೆಸಿಕೊಂಡರು.

"ಆತ್ರಿ. ನಿಮ್ಮ ಮನಿಯವ್ರು ಟಾರ್ಚ್ ಹಿಡಕೊಂಡ್ರು, ಲಗೂನ ಮುಗೀತು."

ಕತ್ತಲಲ್ಲಿ ನನ್ನ ಬರಿದಾದ ಹಣೆ ಅವರಿಗೆ ಕಂಡಿರಲಿಲ್ಲ.

ನನಗೆ ಹೆದರಿಕೆ ಆಯಿತೆಂದು ನೀವು ಅಂದುಕೊಂಡಿರಬಹುದು. ಇಲ್ಲ. ಇಪ್ಪತ್ತೈದು ದಿನಗಳಲ್ಲಿ ಮೊದಲ ಸಲ ನನ್ನ ಎದೆ ಹೊಡೆದುಕೊಳ್ಳುವುದು ನನಗೆ ಗೊತ್ತಾಯಿತು. ಕುರ್ಚಿಯಿಂದ ಎದ್ದೆ.

"ಏನಂದ್ರು ಅವರು?"

"ಭಾಳ ಮಾತಾಡಲಿಲ್ರಿ. ಈ ಗಾಡಿ ಎಲ್ಲಿಗಿ ಹೋಗ್ತದ ಅಂತ ಕೇಳಿದ್ರು. ಎರಡು ಸಲ ಕೇಳಿದ್ರು. ಚ್ಯಾಷ್ಟಿ ಮಾಡ್ತಾರ ಅನಕೊಂಡೆ. ಫಾರಂನಾಗ ಇದ್ದ ನಿಮ್ಮ ಮನಿ ಅಡ್ರೆಸ್ ಓದಿ ಹೇಳಿದೆ."

"ಕನ್ನಡದಾಗ ಕೇಳಿದ್ರೇನು?"

"ಇಲ್ರಿ, ಹಿಂದಿ. ಉತ್ತರದ ಕಡೆಯವ್ರ ಹಿಂದಿ. ಅದಕ್ಕ ನಾನೂ ಹಿಂದಿನಾಗ ಮಾತಾಡಿದೆ."

"ಚಷ್ಮಾ ಇತ್ತೇನ್ರಿ? ಎತ್ತರ ಇದ್ರಾ?"

ಕುಲಕರ್ಣಿ ನನ್ನ ಮುಖ ನೋಡಿದರು. "ಗಿಡ್ಡನ ಮನಷಾ ರಿ... ದಪ್ಪ ಮೀಸಿ. ಟಾರ್ಚ್ ಹಿಡದ ಕೈಗೆ ಎರಡು ಬೆರಳು ಇರಲಿಲ್ಲ. ಯಾಕ್ರಿ ಅಕ್ಕಾರ?"

ನನ್ನ ಗಂಡ ಆರು ಅಡಿ ಎತ್ತರ. ಕನ್ನಡಕವಿಲ್ಲದೆ ಮನೆಯ ಹೊಸ್ತಿಲೂ ಅವರಿಗೆ ಕಾಣುತ್ತಿರಲಿಲ್ಲ.

ಹೊಡೆದುಕೊಳ್ಳುತ್ತಿದ್ದ ಎದೆ ಮತ್ತೆ ಸುಮ್ಮನಾಯಿತು.

"ನಮ್ಮ ಮನಿಯವ್ರು ತೀರಿಕೊಂಡಾರ್ರಿ," ಎಂದೆ.

ಆ ಹೊತ್ತಿಗೆ ವೀರೇಶ ಬಂದ. ಇಬ್ಬರೂ ಟಾರ್ಚ್ ಹಿಡಿದು ಒಳಗೆ ಹೋದರು. ನಾನೂ ಹಿಂದೆಯೇ ಹೋದೆ. ಜೀಪಿನ ಕೆಳಗೆ, ಡ್ರಮ್ಮುಗಳ ಹಿಂದೆ, ಎಲ್ಲ ಕಡೆ ಬೆಳಕು ಬಿಟ್ಟು ನೋಡಿದರು. ಯಾರೂ ಇರಲಿಲ್ಲ. ಡ್ರೈವರ್ ಸೀಟಿನ ರೆಕ್ಸಿನ್ ಮಾತ್ರ ನಡುವೆ ತಗ್ಗಾಗಿತ್ತು. ನಾವು ನೋಡುತ್ತಿದ್ದಂತೆಯೇ ಅದು ನಿಧಾನವಾಗಿ... ಬಹಳ ನಿಧಾನವಾಗಿ... ಮೇಲೆದ್ದು ಸಮವಾಯಿತು.

ಕುಲಕರ್ಣಿ ಫಾರಂನಲ್ಲಿದ್ದ ಅಡ್ರೆಸ್ಸಿನ ಮೇಲೆ ಬೆಳಕು ಬಿಟ್ಟರು. "ನಾ ಅಡ್ರೆಸ್ ಹೇಳಬಾರದಿತ್ತು ತಾಯಿ," ಎಂದರು. ಅಷ್ಟೇ. ಹೊರಗೆ ಸ್ಕೂಟರಿನ ಬೆಳಕಿನಲ್ಲಿ ನನ್ನಿಂದ ಸಹಿ ಹಾಕಿಸಿಕೊಂಡು ಹೊರಟುಹೋದರು.

ವೀರೇಶ ಬಹಳ ಹೇಳಿದ. "ವೈನಿ, ಬ್ಯಾಡ. ಇಲ್ಲೇ ಯಾರಿಗಾದ್ರೂ ಕೊಟ್ಟುಬಿಡೋಣು."

"ಅಡ್ರೆಸ್ ಅಂತೂ ಗೊತ್ತಾಗ್ಯಾದಲ್ಲೋ," ಎಂದೆ. ನಗುವ ಮಾತಲ್ಲ, ಆದರೂ ಹಾಗೆಯೇ ಬಂತು.

ಇನ್ಶೂರೆನ್ಸ್ ಕಾಗದ ಮೂರನೇ ದಿನಕ್ಕೆ ಬಂತು. ಆರ್‌ಟಿಓ ಆಫೀಸಿನಲ್ಲಿ ಎರಡು ವಾರ ಓಡಾಡಿದ ಮೇಲೆ ನಂಬರೂ ಸಿಕ್ಕಿತು. ಹಗಲು ಹೊತ್ತಿನಲ್ಲೇ ವೀರೇಶ ಜೀಪನ್ನು ಬಾಲಾನಗರದ ನಮ್ಮ ಮನೆಗೆ ತಂದು ಅಂಗಳದಲ್ಲಿ ನಿಲ್ಲಿಸಿದ. ದಾರಿಯಲ್ಲಿ ಏನೂ ಆಗಲಿಲ್ಲ. ಅರಿಶಿನ ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆವು. ಪಕ್ಕದ ಮನೆಯವರು ಬಂದು ನೋಡಿ, ಯಜಮಾನರನ್ನು ನೆನೆಸಿಕೊಂಡು ಅತ್ತರು. ನನಗೆ ಆಗಲೂ ಅಳು ಬರಲಿಲ್ಲ.

ಇವತ್ತಿಗೂ ಜೀಪು ಅಲ್ಲೇ ಇದೆ. ಯಾರಿಗೂ ಒಂದು ಕೂದಲೂ ಕೊಂಕಿಲ್ಲ. ಕೆಲವು ರಾತ್ರಿ ಮಾತ್ರ ಅಂಗಳದಿಂದ ಆ ಸೀಟಿನ ಸ್ಪ್ರಿಂಗ್ ಸದ್ದು ಕೇಳಿಸುತ್ತದೆ. ನಾನು ಎದ್ದು ಕಿಟಕಿಯ ಬಳಿ ನಿಲ್ಲುತ್ತೇನೆ.

"ಯಾರ್ರಿ?" ಎಂದು ಕೇಳುತ್ತೇನೆ. ನಮ್ಮವರೇ ಆಗಿದ್ದರೆ ಉತ್ತರ ಕೊಡಲಿ ಅಂತ.

ಉತ್ತರ ಬರುವುದಿಲ್ಲ.

ಆ ಪ್ರಶ್ನೆಯನ್ನು ಹಿಂದಿಯಲ್ಲಿ ಮಾತ್ರ ನಾನು ಇದುವರೆಗೆ ಹಾಕಿಲ್ಲ.