ಮಿಲಿಟ್ರಿ ಅಣ್ಣನಿಗೆ ಮಾಡಿದ ಮರ್ಯಾದೆ

ಮೊನ್ನೆ ಮೊಮ್ಮಗಳಿಗೆ ಶೀತವಾಗಿ ಕೆಮ್ಮು ಬಿಡಲೇ ಇಲ್ಲ. ಪಕ್ಕದ ಮನೆಯವರು ಪುಟ್ಟ ಸೀಸೆಯಲ್ಲಿ ರಮ್ಮು ತಂದುಕೊಟ್ಟು, “ಎದೆಗೆ ಸ್ವಲ್ಪ ತಿಕ್ಕಿ, ಕಮ್ಮಿ ಆಗ್ತದೆ” ಎಂದರು. ಸೊಸೆ ಮೂಗು ಮುರಿದಳು. ನಾನು ಮುಚ್ಚಳ ತೆಗೆದೆ. ಅಷ್ಟೇ... ಕೈ ಮಗುವಿನ ಎದೆ ತಿಕ್ಕುತ್ತಿದ್ದರೂ ಮನಸ್ಸು ಹಳೆಯ ದಿನಗಳಿಗೆ, ಕೊಪ್ಪದ ಬಸ್‌ಸ್ಟ್ಯಾಂಡಿನ ಎದುರಿನ ನಮ್ಮ ಹೋಟೆಲಿಗೆ ಹೋಗಿಬಿಟ್ಟಿತ್ತು. ಆ ವಾಸನೆ ಹೊತ್ತುಕೊಂಡು ದಿನಾ ಬೆಳಿಗ್ಗೆ ಮೊದಲ ಕಾಫಿಗೆ ಬರುತ್ತಿದ್ದವರೊಬ್ಬರು ಇದ್ದರು. ಪೇಟೆಗೆಲ್ಲ ಅವರು ‘ಮಿಲಿಟ್ರಿ’. ನನಗೆ ಅಣ್ಣ.

ಸೈನ್ಯದಿಂದ ನಿವೃತ್ತರಾಗಿ ಬಂದವರನ್ನು ಕಂಡರೆ ನಮ್ಮ ಕಡೆ ಬಹಳ ಪ್ರೀತಿ. ಅರ್ಧ ಪ್ರೀತಿ ದೇಶದ ಮೇಲಿನದು, ಇನ್ನರ್ಧ ಮಿಲಿಟರಿ ಕ್ಯಾಂಟೀನಿನ ರಮ್ಮಿನ ಮೇಲಿನದು. ಅಣ್ಣ ಕೊಪ್ಪದ ಹತ್ತಿರದ ನಾರ್ವೆ ಎಂಬ ಹಳ್ಳಿಯಲ್ಲಿದ್ದ ತಮ್ಮನ ಮನೆಗೆ ಬಂದಿಳಿದದ್ದೇ ತಡ, ನೆಂಟಸ್ತಿಕೆ ಹುಡುಕಿಕೊಂಡು ಜನ ಬಂದರಂತೆ. ಬಾಟಲಿ ತೆಗೆದುಕೊಂಡವರು ಸುಮ್ಮನೆ ಹೋಗುತ್ತಿರಲಿಲ್ಲ. “ನೀವೂ ಕೂರಿ ಮಾರಾಯ್ರೆ, ಗಡಿಯ ಕಥೆ ಹೇಳಿ” ಎಂದು ಜೊತೆಗೆ ಕೂರಿಸಿಕೊಳ್ಳುತ್ತಿದ್ದರು. ಕಥೆಯನ್ನು ಅವರು ಯಾರಿಗೂ ಹೇಳಲಿಲ್ಲ, ಕುಡಿತ ಮಾತ್ರ ಅಂಟಿಕೊಂಡಿತು. ಯಾರೂ ಅವರಿಗೆ ಕೆಟ್ಟದ್ದು ಬಯಸಿದವರಲ್ಲ. ನನಗೆ ಈಗಲೂ ಸಿಟ್ಟು ಬರುವುದು ಅದಕ್ಕೇ.

ಮನೆಯೊಳಗೆ ಅವರಿಗೆ ಮಲಗಲು ಆಗುತ್ತಿರಲಿಲ್ಲ. ಬಾಗಿಲು ಹಾಕಿದರೆ ಎದ್ದು ಕೂರುತ್ತಿದ್ದರು, ನಿದ್ದೆಗಣ್ಣಿನಲ್ಲಿ ಹಿಂದಿಯಲ್ಲಿ ಕೂಗುತ್ತಿದ್ದರು. ತಮ್ಮನ ಮಕ್ಕಳು ಹೆದರಿ ಜ್ವರ ಬರಿಸಿಕೊಂಡವು. ಚೌಡಿಗೆ ಹರಕೆ ಹೇಳಿದರು, ತಾಯಿತ ಕಟ್ಟಿಸಿದರು. ಇದು ಮನಸ್ಸಿಗೆ ಬಂದ ಕಾಯಿಲೆ, ಇದಕ್ಕೂ ಡಾಕ್ಟರು ಇದ್ದಾರೆ ಎಂದು ಯಾರಿಗೂ ಹೊಳೆಯಲಿಲ್ಲ. ಯಾರಾದರೂ ಹೊರಗೆ ಹಾಕುವ ಮೊದಲೇ ಅವರೇ ಕಂಬಳಿ ಹಿಡಿದುಕೊಂಡು ಕೊಪ್ಪಕ್ಕೆ ಬಂದು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಮಲಗತೊಡಗಿದರು. ಅಲ್ಲಿ ಹಾಕುವುದಕ್ಕೆ ಬಾಗಿಲೇ ಇರಲಿಲ್ಲ.

ಅವರು ನನಗೆ ಅಣ್ಣನಾದದ್ದು ಚಪಾತಿಯಿಂದ. ನಮ್ಮ ಯಜಮಾನರು ಮಾಡುವ ಚಪಾತಿಯನ್ನು ಚಪ್ಪಲಿಯ ಅಟ್ಟೆಗೆ ಹೊಲಿಸಬಹುದಿತ್ತು. ಒಂದು ಬೆಳಿಗ್ಗೆ ಅದನ್ನು ನೋಡಲಾಗದೆ ಅಣ್ಣ ಕೈ ತೊಳೆದು ಒಳಗೆ ಬಂದು, “ಸ್ವಲ್ಪ ಆಚೆ ಸರೀರಿ” ಎಂದರು. ನಡುಗುವ ಕೈಯಲ್ಲೇ ಹಿಟ್ಟು ನಾದಿ, ಲಟ್ಟಿಸಿ, ಕೆಂಡದ ಮೇಲೆ ಇಟ್ಟರು. ಚಪಾತಿ ಪೂರಿಯ ಹಾಗೆ ಉಬ್ಬಿದಾಗ ಅವರ ಮುಖ ನೋಡಬೇಕಿತ್ತು! “ಹಿಮದಲ್ಲೂ ಉಬ್ಬಿಸಿದ್ದೇನೆ ತಂಗಿ” ಎಂದರು. ಸೈನ್ಯದ ಬಗ್ಗೆ ಅವರು ತಾವಾಗಿ ಆಡಿದ ಮಾತು ಅದೊಂದೇ ಇರಬೇಕು.

ನರಸಿಂಹರಾಜಪುರದಲ್ಲಿ ಕುಡಿತ ಬಿಡಿಸುವ ಶಿಬಿರ ನಡೆದಾಗ ಯಜಮಾನರು ಅವರನ್ನು ಒತ್ತಾಯ ಮಾಡಿ ಕರೆದುಕೊಂಡು ಹೋದರು. ಹೊರಡುವ ಮುಂಚೆ ಅಣ್ಣ ನನ್ನ ಹತ್ತಿರ, “ಕುಡಿಯದೆ ಮಲಗಿದರೆ ಅವರೆಲ್ಲ ಬಂದು ಎದುರು ನಿಲ್ತಾರೆ ತಂಗಿ” ಎಂದರು. ಅವರೆಲ್ಲ ಅಂದರೆ ಯಾರು ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಶಿಬಿರದಲ್ಲಿ ಮನೆಯವರು ಬಂದು ಎದುರು ಕೂರುವ ದಿನ ಒಂದಿರುತ್ತದೆ. ಆ ದಿನ ನಾನೂ ಹೋಗಿದ್ದೆ. ಎಲ್ಲರೆದುರು ಹೆಂಡತಿಯೋ ತಾಯಿಯೋ ಕೂತಿದ್ದರು. “ಇವರ ಕಡೆಯವರು ಯಾರು?” ಎಂದು ಕೇಳಿದಾಗ ನಾನು ಎದ್ದು ಹೋಗಿ ಕೂತೆ. ಅಣ್ಣ ನನ್ನ ಕೈಯ ಮೇಲೆ ಕೈಯಿಟ್ಟು, “ಇನ್ನು ಮುಟ್ಟಲ್ಲ” ಎಂದರು. ಇಬ್ಬರೂ ಅತ್ತೆವು. ಹುಟ್ಟಿದ ಮನೆಯಲ್ಲಿ ನನಗೆ ಅಣ್ಣಂದಿರಿರಲಿಲ್ಲ, ಅದನ್ನೂ ಸೇರಿಸಿ ಅತ್ತೆ ಅಂತ ಕಾಣುತ್ತದೆ.

ಅಲ್ಲಿನ ಡಾಕ್ಟರು ಅವರನ್ನು ಶಿವಮೊಗ್ಗಕ್ಕೆ ಕಳಿಸಿ ಮನಸ್ಸಿನ ಕಾಯಿಲೆಗೂ ಮಾತ್ರೆ ಕೊಡಿಸಿದರು. ಬಸ್‌ಸ್ಟ್ಯಾಂಡಿನ ಕಟ್ಟೆ ಬಿಟ್ಟು ಅಣ್ಣ ನಮ್ಮ ಹೋಟೆಲಿನ ಜಗಲಿಗೆ ಬಂದರು. ಒಳಗಿನ ಕೋಣೆ ಕೊಡುತ್ತೇವೆ ಎಂದರೆ ಬೇಡವೆಂದರು. ಕೆನ್ನೆ ತುಂಬಿಕೊಂಡಿತು. ಯಜಮಾನರನ್ನು “ಚಪ್ಪಲಿ ಅಂಗಡಿ” ಎಂದು ಗೇಲಿ ಮಾಡುವಷ್ಟು ನಗು ವಾಪಸು ಬಂತು. ನಾರ್ವೆಯಿಂದ ತಮ್ಮನ ಮಕ್ಕಳು ಬಂದು ಚಪಾತಿ ತಿಂದುಕೊಂಡು ಹೋಗುತ್ತಿದ್ದರು. ಇಷ್ಟೇ ಸಾಕಿತ್ತು ನಮಗೆ, ಇದು ಹೀಗೇ ಉಳಿದಿದ್ದರೆ...

ಅಣ್ಣ ಸರಿಹೋದದ್ದನ್ನು ನೋಡಿ ಪೇಟೆಯವರಿಗೂ ಸಂತೋಷ. ಆ ಸಲದ ಆಗಸ್ಟ್ ಹದಿನೈದಕ್ಕೆ ಬಾವುಟ ಮಿಲಿಟ್ರಿಯೇ ಹಾರಿಸಬೇಕು ಎಂದು ತೀರ್ಮಾನಿಸಿದರು. ಶಾಲು ಬಂತು, ಪೇಟ ಬಂತು. ಆದರೆ ನಮ್ಮ ಕಡೆ ಯಾರಿಗೇ ಮರ್ಯಾದೆ ಮಾಡಿದರೂ ಗರ್ನಾಲು ಹೊಡೆಯದೆ ಅದು ಪೂರ್ತಿಯಾಗುವುದಿಲ್ಲ. ಉತ್ಸವಕ್ಕೂ ಅದೇ, ಎಲೆಕ್ಷನ್ ಗೆದ್ದರೂ ಅದೇ. ಕಬ್ಬಿಣದ ಕೊಳವೆಗೆ ಮದ್ದು ಜಡಿದು ಬೆಂಕಿ ಕೊಟ್ಟರೆ ಗುಡ್ಡವೇ ಅದುರುತ್ತದೆ. ದೇವಸ್ಥಾನದ ಉತ್ಸವಕ್ಕೆ ಗರ್ನಾಲು ಹೊಡೆಯುವವರನ್ನೇ ಕರೆಸಿದ್ದರು. ಅಣ್ಣನಿಗೆ ಹೇಳಿರಲಿಲ್ಲ, ಖುಷಿಯಾಗಲಿ ಎಂದು.

ಅಣ್ಣ ಹಗ್ಗ ಎಳೆದರು, ಹೂವು ಉದುರಿತು, ಸೆಲ್ಯೂಟ್ ಹೊಡೆದು ನೆಟ್ಟಗೆ ನಿಂತರು. “ನಮ್ಮ ಅಣ್ಣ” ಎಂದು ಪಕ್ಕದವರಿಗೆ ಹೆಮ್ಮೆಯಿಂದ ತೋರಿಸಿದೆ. ಆಗ ಮೊದಲನೆಯ ಗರ್ನಾಲು ಸಿಡಿಯಿತು. ಅಣ್ಣ ಹಾರಿ, ಮುಂದಿನ ಸಾಲಿನಲ್ಲಿದ್ದ ಶಾಲೆಯ ಮಕ್ಕಳನ್ನು ಬಾಚಿ ಕೆಸರಿಗೆ ಕೆಡವಿ, ಅವರ ಮೇಲೆ ತಾವು ಕವುಚಿ ಬಿದ್ದರು. ಹಿಂದಿಯಲ್ಲಿ ಏನೋ ಕೂಗುತ್ತಿದ್ದರು. ಮಕ್ಕಳು ಕಿರುಚಿದವು. ಯಾರೋ ನಕ್ಕರು, ಇನ್ಯಾರೋ ಮೊಬೈಲ್ ಹಿಡಿದರು. ಅಷ್ಟರಲ್ಲಿ ಎರಡನೆಯದೂ ಸಿಡಿಯಿತು. ನಾನು ಓಡಿಹೋಗಿ, “ಅಣ್ಣಾ, ಗರ್ನಾಲು ಅಣ್ಣಾ, ಬರೀ ಗರ್ನಾಲು” ಎಂದು ಭುಜ ಅಲ್ಲಾಡಿಸಿದೆ. ನನ್ನನ್ನೇ ನೋಡಿದರು, ಗುರುತು ಹತ್ತಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಎದ್ದರು. ಒಂದು ಮಗುವಿನ ಯೂನಿಫಾರಮ್ಮಿನ ಕೆಸರು ಒರೆಸಿದರು. ಕೆಳಗೆ ಬಿದ್ದಿದ್ದ ಪೇಟವನ್ನು ಕುರ್ಚಿಯ ಮೇಲಿಟ್ಟು ನಡೆದುಬಿಟ್ಟರು. ತಡೆಯಲು ಹೋದ ಯಜಮಾನರಿಗೆ ಕೈ ಮುಗಿದರಂತೆ. ಜಗಲಿಗೆ ಬರಲೇ ಇಲ್ಲ.

ಶೃಂಗೇರಿಯಲ್ಲಿ ಮಠದ ಊಟದ ಪಂಕ್ತಿಯಲ್ಲಿ ಅವರನ್ನು ಕಂಡೆವೆಂದು ಯಾರೋ ಹೇಳಿದಾಗ ಓಡಿದೆ. ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ಹತ್ತಿರ ಹೋದಾಗ ಅದೇ ಹಳೆಯ ವಾಸನೆ. “ಬನ್ನಿ ಅಣ್ಣ, ಮನೆಗೆ ಹೋಗುವ” ಎಂದೆ.

“ಮಕ್ಕಳಿಗೆ ಪೆಟ್ಟಾಯ್ತಾ?” ಎಂದು ಕೇಳಿದರು.

“ಎಂತದೂ ಆಗಲಿಲ್ಲ.”

“ಊರವರದ್ದು ತಪ್ಪಿಲ್ಲ ತಂಗಿ. ಪ್ರೀತಿಗೇ ಹೊಡೆದದ್ದು. ಆದರೆ ಇನ್ನೊಂದು ಸಲ ಹೊಡೆದರೆ ನಾನು ಎಂತ ಮಾಡ್ತೇನೆ ಅಂತ ನನಗೇ ಗೊತ್ತಿಲ್ಲ... ನೀವು ಹೋಗಿ. ನಾನು ಬರ್ತೇನೆ.”

ಬರಲಿಲ್ಲ. ಮತ್ತೆ ಹೋದಾಗ ಮೆಟ್ಟಿಲ ಮೇಲೆ ಅವರಿರಲಿಲ್ಲ. ನಾರ್ವೆಯ ತಮ್ಮ ಪೊಲೀಸರಿಗೆ ದೂರು ಕೊಟ್ಟರು, ಊರೂರು ಹುಡುಕಿದರು. ನೆಮ್ಮಾರಿನ ರಸ್ತೆಯಲ್ಲಿ ಕಂಡವರಿದ್ದಾರೆ, ಘಟ್ಟದ ಕೆಳಗಿನ ಬಸ್ಸು ಹತ್ತಿದ್ದು ಕಂಡವರೂ ಇದ್ದಾರೆ. ಇದ್ದಾರೋ ಇಲ್ಲವೋ, ಇವತ್ತಿಗೂ ತಿಳಿದಿಲ್ಲ. ತಿಳಿಯದೆ ಇರುವುದು ಬಹಳ ಕಷ್ಟ. ಅಳುವುದಕ್ಕೂ ಒಂದು ದಿನ ಅಂತ ಇಲ್ಲ.

ಮರುವರ್ಷ ಬಾವುಟ ಹಾರಿ ಜನಗಣಮನ ಮುಗಿದ ಮೇಲೆ ಎಲ್ಲರೂ ಹಾಗೇ ನಿಂತಿದ್ದೆವು. ಏನೂ ಸಿಡಿಯಲಿಲ್ಲ. ಗರ್ನಾಲಿನವರನ್ನು ಯಾರೂ ಕರೆದಿರಲಿಲ್ಲ. ಇದಕ್ಕೆ ಸಭೆಯೇನೂ ಸೇರಿರಲಿಲ್ಲ, ಯಾರೂ ಯಾರಿಗೂ ಹೇಳಿರಲಿಲ್ಲ. ಅಂದಿನಿಂದ ಇಂದಿನವರೆಗೆ ಆ ದಿನ ನಮ್ಮ ಪೇಟೆಯಲ್ಲಿ ಗರ್ನಾಲು ಹೊಡೆದಿಲ್ಲ. ಊರು ಅವರಿಗಾಗಿ ಸುಮ್ಮನಾಯಿತು. ಈ ಒಂದು ಸುದ್ದಿ ಕೇಳಿದರೆ ಅಣ್ಣ ಬಂದಾರು ಎಂದು ನನಗೆ ಈಗಲೂ ಅನಿಸುತ್ತದೆ. ಆದರೆ ಅದನ್ನು ಎಲ್ಲಿಗೆ ಹೋಗಿ, ಯಾರಿಗೆ ಹೇಳಲಿ?